ಹಿಟ್ಟಿನ ಡಾಕ್ಟರಮ್ಮ

ಪ್ರೀತಿಯ ಇಬ್ತಿಹಾಲ್,

ಇಪ್ಪತ್ತಾರು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಈ ತಗ್ರೀದಳ ಮುಖ ನಿನಗೆ ನೆನಪಿದೆಯೋ ಇಲ್ಲವೋ. ಇರ್ಬಿದ್‌ನ ನಮ್ಮ ಹಾಸ್ಟೆಲಿನ ಅಡುಗೆಮನೆಯಂತೂ ನೆನಪಿರಲೇಬೇಕು.

ಶುಕ್ರವಾರದ ಬೆಳಗು. ನಾವೆಲ್ಲ ರೊಟ್ಟಿ, ಚಹಾ ಹಿಡಿದು ಹರಟುತ್ತಿದ್ದೆವು. ನರ್ಸಿಂಗ್ ಓದುತ್ತಿದ್ದ ನೀನು ನಾದಿದ ಹಿಟ್ಟಿನ ಮುದ್ದೆಯೊಂದನ್ನು ತಂದು ಮುಂದಿಟ್ಟೆ. "ಇದ್ರೊಳಗೊಂದು ಆಲಿವ್ ಬೀಜ ಇದೆ. ಮೂರು ಬೆರಳಲ್ಲಿ ಮೆತ್ತಗೆ ಒತ್ತಿ ಹುಡುಕ್ರೇ. ಸ್ನಾನ ಮಾಡೋವಾಗ ನಿಮ್ಮ ಎದೇನೂ ಹಿಂಗೇ ನೋಡ್ಕೋಬೇಕು. ಗಂಟು ಸಿಕ್ಕಿದ್ರೆ, ನೋವಿಲ್ಲ ಅಂತ ಸುಮ್ನಿರ್ಬೇಡಿ."

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. "ಹಿಟ್ಟಿನ ಡಾಕ್ಟರಮ್ಮ ಬಂದ್ಲು, ಮೈ ಮುಚ್ಕೊಳ್ರೇ!" ಎಂದು ಕೂಗಿದೆ. ನೀನೂ ಬಿಡಲಿಲ್ಲ: "ಸಾಹಿತ್ಯ ಓದೋರಿಗೆ ಎದೆ ಅಂದ್ರೆ ಬರೀ ವಿರಹಾನೇನೇ?" ಆ ಹೆಸರು ವರ್ಷವಿಡೀ ನಿನಗಂಟಿತು. ನೀನು ಒಮ್ಮೆಯೂ ಸಿಡುಕಲಿಲ್ಲ.

ಆ ವರ್ಷ ಈದ್ ರಜೆಗೆ ಅಜ್ಲೂನ್ ಊರಿನ ನಮ್ಮ ಮನೆಗೆ ಹೋದಾಗ ಅಮ್ಮ ಹಬ್ಬದ ಬಿಸ್ಕತ್ತಿಗೆ ಹಿಟ್ಟು ನಾದುತ್ತಿದ್ದಳು. ಅವಳನ್ನು ನಗಿಸೋಣವೆಂದು ನಿನ್ನ ದನಿಯಲ್ಲೇ ನಿನ್ನ ಪಾಠವನ್ನು ಅಣಕಿಸಿದೆ. ಅಮ್ಮ ನಗಲಿಲ್ಲ. ಅವಳ ಕೈ ನಿಂತುಬಿಟ್ಟಿತು. ಬಾಗಿಲ ಕಡೆಗೊಮ್ಮೆ ನೋಡಿ ಪಿಸುಗುಟ್ಟಿದಳು: "ನಂಗೂ ಇದೆ ಕಣೇ ಇಂಥದ್ದು. ರಂಜಾನ್‌ಗೂ ಮುಂಚಿಂದ. ನೋವಿಲ್ವಲ್ಲ ಅಂತ ಸುಮ್ನಿದ್ದೆ. ನಿಮ್ಮಪ್ಪಂಗೆ ಹೇಳ್ಬೇಡ್ವೇ."

ಬಟ್ಟೆ ತರಲು ಹೋಗುತ್ತೇವೆಂದು ಅಪ್ಪನಿಗೆ ಸುಳ್ಳು ಹೇಳಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಗಂಟು ಕೆಟ್ಟದ್ದೇ ಆಗಿತ್ತು, ಆದರೆ ಇನ್ನೂ ಚಿಕ್ಕದು. ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಅಪ್ಪನಿಗೆ ಹೇಳಲೇಬೇಕಾಯಿತು. "ನಾನೇನು ಪರಕೀಯನಾ? ನಂಗ್ಯಾಕೆ ಹೇಳ್ಲಿಲ್ಲ?" ಎಂದು ಅಮ್ಮನನ್ನು ಕೇಳಿ, ಮುಖಕ್ಕೆ ಕೈ ಅಡ್ಡ ಹಿಡಿದು ಅತ್ತರು. ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ಕೀಮೋ. ಅಮ್ಮನ ಮಂಡಿಯುದ್ದದ ಜಡೆಯ ಕೂದಲೆಲ್ಲ ಉದುರಿ, ಎರಡು ವರ್ಷಕ್ಕೆ ಭುಜದವರೆಗೆ ಗುಂಗುರಾಗಿ ಮತ್ತೆ ಬಂತು.

ತಿಂಗಳು ತಡವಾಗಿ ಹಾಸ್ಟೆಲಿಗೆ ಮರಳಿದ ನಾನು ನಿನಗೆ "ಜ್ವರ ಇತ್ತು" ಎಂದೆ. ಅಷ್ಟು ನಕ್ಕ ಬಾಯಲ್ಲಿ ನಿಜ ಹೇಳಲಾಗಲಿಲ್ಲ. ನೀನು ನನ್ನ ಹಣೆ ಮುಟ್ಟಿ ನೋಡಿ, ಶುಂಠಿ ಕಷಾಯ ಮಾಡಿಕೊಟ್ಟೆ. ಇಲ್ಲದ ಜ್ವರಕ್ಕೆ ಅದನ್ನು ಪೂರ್ತಿ ಕುಡಿದೆ.

ಅಮ್ಮ ಕಳೆದ ತಿಂಗಳು ತೀರಿಕೊಂಡಳು, ಎಪ್ಪತ್ತನಾಲ್ಕಕ್ಕೆ, ನಿದ್ದೆಯಲ್ಲಿ. ನನ್ನ ಮಗಳನ್ನು ಬೆಳೆಸಿಕೊಟ್ಟು ಹೋದಳು. ಕೊನೆಯ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಕೇಳಿದಳು: "ಆ ಹಿಟ್ಟಿನ ಹುಡುಗಿಗೆ ಹೇಳಿದ್ಯೇನೇ?" ಇಲ್ಲ ಎಂದೆ. "ಇನ್ನೂ ಇಲ್ವಾ? ನನ್ನ ಹೊಟ್ಟೇಲಿ ಹುಟ್ಟಿ ಇಷ್ಟು ಜಂಬಾನಾ ನಿಂಗೆ!"

ಈಗ ಹೇಳಿದ್ದೇನೆ, ಇಬ್ತಿಹಾಲ್.

ಅಲ್ಲಾಹನು ನಿನ್ನನ್ನು ನೂರು ಕಾಲ ಆರೋಗ್ಯವಾಗಿಟ್ಟಿರಲಿ.

ನಿನ್ನ,
ತಗ್ರೀದ್