ಬ್ಯಾನರ್ ಮೇಲಿನ ಅಮ್ಮ

ಕೋರ
೧೭ ನವೆಂಬರ್ ೨೦೨೫, ಸೋಮವಾರ

ಪಲ್ಲವಿ, ನನ್ನ ಕಂದಾ,

ನೀನೂ ಅಳಿಯಂದಿರೂ ಇಂಪನಾಳೂ ಆರೋಗ್ಯವಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಗೌರಿ ಹಬ್ಬದ ಹೊತ್ತಿಗೇ ಬರೆಯಬೇಕಿತ್ತು. ಬಾಗಿನದ ಜೊತೆಗೆ ಒಂದು ಕಾಗದವನ್ನೂ ಇಡೋಣವೆಂದು ಕೂತಿದ್ದೆ. ಆದರೆ ಅದು ಮುಗಿಯುವ ಮೊದಲೇ ನಿಮ್ಮ ಚಿಕ್ಕಪ್ಪ ಬಾಗಿನ ತೆಗೆದುಕೊಂಡು ಹೊರಟುಬಿಟ್ಟರು. ಸಂಜೆ ಅದೇ ಮೊರ ಹಿಡಿದುಕೊಂಡು ವಾಪಸ್ಸು ಬಂದರು. ಜಗಲಿಯ ಮೇಲಿಟ್ಟು ಹೋದರು. ಆಮೇಲೆ ಬರೆಯಲು ಕೈ ಬರಲಿಲ್ಲ. ತಡವಾಯಿತೆಂದು ಸಿಟ್ಟಾಗಬೇಡ. ನಿನಗೆ ನನ್ನ ಮೇಲೆ ಸಿಟ್ಟಾಗಲು ಬೇರೆ ಕಾರಣಗಳೇ ಸಾಕಷ್ಟಿವೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಳಿಯಂದಿರು ಎತ್ತಿ, “ಇನ್ನೂ ಸ್ವಲ್ಪ ದಿನ ಹೋಗ್ಲಿ ಅತ್ತೆ, ಅವಳ ಕೋಪ ಇಳೀಲಿ” ಅನ್ನುತ್ತಾರೆ. ಪಾಪ, ಅವರು ತಾನೇ ಏನು ಮಾಡಿಯಾರು. ಅದಕ್ಕೇ ಈ ಕಾಗದ. ಅಂಗನವಾಡಿಯಲ್ಲಿ ಮಕ್ಕಳು ಊಟ ಮಾಡಿ ಮಲಗಿವೆ. ಒಬ್ಬಳು ಮಾತ್ರ ನಿದ್ದೆ ಬಾರದೆ ನನ್ನ ಸೆರಗು ಹಿಡಿದುಕೊಂಡು ಕೂತಿದ್ದಾಳೆ.

ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಿದ್ದಾಯಿತು. ನಿಮ್ಮಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿದೆ, ಆದರೂ ತೋಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ನಾವಿಬ್ಬರೂ ಮಾತಾಡುವುದು ಮೋಟಾರು, ಕರೆಂಟು, ಹಸುವಿನ ಮೇವು, ಇಷ್ಟರ ಬಗ್ಗೆಯೇ. ನಿನ್ನ ತಮ್ಮ ಮಲ್ಲಿಯ ಹೆಸರು ಬಂದರೆ ಅವರು ಎದ್ದು ಹೊರಗೆ ಹೋಗುತ್ತಾರೆ. ನಾನು ಸಭೆಗೆ ಹೊರಟ ದಿನ ಬಸ್ ಸ್ಟಾಪಿನವರೆಗೂ ಬಂದು ಬಿಡುತ್ತಾರೆ, ಆದರೆ ಎಲ್ಲಿಗೆ ಅಂತ ಕೇಳುವುದಿಲ್ಲ.

ಈಗ ಬರೆಯಲು ಕಾರಣವಿದೆ. ಬರುವ ಭಾನುವಾರ ನಿಮ್ಮ ಕುಣಿಗಲ್‌ನಲ್ಲೇ ಸಭೆ. ನನ್ನ ಫೋಟೋ ಹಾಕಿ ಬ್ಯಾನರ್ ಮಾಡಿಸಿದ್ದಾರಂತೆ. ‘ಕ್ಷಮಿಸಿದ ತಾಯಿ’ ಎಂದು ದೊಡ್ಡ ಅಕ್ಷರದಲ್ಲಿ. ನಿಮ್ಮ ಬೀದಿಯ ತಿರುವಿನಲ್ಲೂ ಕಟ್ಟುತ್ತಾರೆ. ತರಕಾರಿಗೆ ಹೋದಾಗ ನೀನು ಅದನ್ನು ಏಕಾಏಕಿ ನೋಡುವುದು ಬೇಡ ಅನ್ನಿಸಿತು.

ವರ್ಷದ ತಿಥಿಗೆ ಬಂದಿದ್ದಾಗ ನೀನು ಅಂದ ಮಾತು ನನ್ನ ಎದೆಯಲ್ಲೇ ಇದೆ. “ತಮ್ಮನ್ನ ಕೊಂದೋನ ತಲೆ ಮೇಲೆ ಕೈ ಇಟ್ಟು ಫೋಟೋಗೆ ನಿಂತ್ಕೊಂಡ್ಯಲ್ಲಮ್ಮ, ಇನ್ಮೇಲೆ ನಂಗೆ ತೌರಿಲ್ಲ” ಅಂದೆ. ಆವತ್ತು ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಸಮಾಧಾನವಾಗಿ ಓದು.

ಆಸ್ಪತ್ರೆಯ ಅಂಗಳದಲ್ಲಿ ನಡೆದದ್ದನ್ನು ನೀನು ಕಂಡಿದ್ದು ಮೊಬೈಲಿನಲ್ಲಿ. ನೀನು ಕುಣಿಗಲ್‌ನಿಂದ ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಲ್ಲಿ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುತ್ತಿದ್ದಾಗ ಆ ತೌಸೀಫ್‌ನ ಗೂಡ್ಸ್ ಆಟೋ ರಾಂಗ್ ಸೈಡಿನಲ್ಲಿ ಬಂದು ಹೊಡೆಯಿತು. ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಮಲ್ಲಿಯನ್ನು ಎತ್ತಿ ಆಟೋದಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ತಂದವನೂ ಅವನೇ. ಅಲ್ಲಿ ಯಾರೋ ಅವನ ಹೆಸರು ಕೇಳಿದರು. ಹೆಸರು ಗೊತ್ತಾದ ಮೇಲೆ ಆಕ್ಸಿಡೆಂಟು ಅನ್ನುವ ಮಾತು ಹೋಯಿತು, ಬೇಕೂಂತಲೇ ಗುದ್ದಿದ ಅನ್ನುವ ಮಾತು ಬಂತು. ನಾನೂ ನಿಮ್ಮ ಚಿಕ್ಕಮ್ಮ ಚಿಕ್ಕಗಂಗಮ್ಮನೂ ಆಟೋ ಇಳಿದಾಗ ಅಂಗಳದ ತುಂಬ ಜನ. ನಡುವೆ ಯಾರನ್ನೋ ಕೆಡವಿಕೊಂಡು ತುಳಿಯುತ್ತಿದ್ದರು. ಯಾರು, ಯಾಕೆ ಎಂದು ನಾನು ನೋಡಲೂ ಇಲ್ಲ.

ಒಳಗಿಂದ ಒಬ್ಬಳು ನರ್ಸ್ ಬಾಗಿಲಿಗೆ ಬಂದು, “ಮಲ್ಲಿಕಾರ್ಜುನ್ ಕಡೆಯವ್ರು ಯಾರ್ರೀ? ಬೇಗ ಬನ್ನಿ, ಅಮ್ಮನ್ನ ಕೇಳ್ತಿದಾನೆ” ಎಂದು ಕೂಗಿದಳು.

ನಾನು ಓಡಿದೆ. ಬಾಗಿಲಿಗೂ ನನಗೂ ನಡುವೆ ಆ ಗುಂಪು. ಏಟು ನನಗೆ ಬಿದ್ದೀತೆಂದು ಚಿಕ್ಕಗಂಗಮ್ಮ ನನ್ನ ಸೊಂಟ ಹಿಡಿದುಕೊಂಡಳು. ಇನ್ನಿಬ್ಬರು ಹೆಂಗಸರು, ಗುರುತಿಲ್ಲದವರು, ರಟ್ಟೆ ಹಿಡಿದುಕೊಂಡರು. ನಾನು ಕಿರುಚಿದೆ. “ಬುಡ್ರೀ! ನಿಮ್ ದಮ್ಮಯ್ಯ ಅಂತೀನಿ, ಬುಡ್ರೀ!”

ಹೊಡೆಯುತ್ತಿದ್ದವರು ತಿರುಗಿ ನೋಡಿದರು. “ಹುಡುಗನ ತಾಯಿನೇ ಬುಡಿ ಅಂತಾವ್ಳೆ ಕಣ್ರೋ” ಎಂದು ಯಾರೋ ಅಂದರು. ಎತ್ತಿದ ಕೈಗಳು ಇಳಿದವು. ಅವನನ್ನು ಬಿಟ್ಟರು ಕಣೇ. ನನ್ನನ್ನು ಹಿಡಿದವರು ಬಿಡಲಿಲ್ಲ. ನಾನು ಒಳಗೆ ಹೋಗುವಷ್ಟರಲ್ಲಿ ಮಲ್ಲಿಯ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಇಷ್ಟೇ ನಾನು ಮಾಡಿದ ಕ್ಷಮೆ.

ಆವತ್ತೇ ಸಂಜೆ ಆ ವಿಡಿಯೋ ತುಮಕೂರಿನ ಎಲ್ಲರ ಮೊಬೈಲಿಗೂ ಹೋಯಿತು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ರಾಮಾಂಜಿನಯ್ಯ ಮೇಷ್ಟ್ರು ಮನೆಗೆ ಬಂದರು. ಗುಬ್ಬಿಯವರು, ರಿಟೈರಾದ ಹೈಸ್ಕೂಲ್ ಮೇಷ್ಟ್ರು. ನಮ್ಮವರು, ಸಾಬರು, ಕ್ರೈಸ್ತರು ಎಲ್ಲ ಸೇರಿ ಕಟ್ಟಿಕೊಂಡಿರುವ ‘ಕೂಡುಬಾಳು ಬಳಗ’ಕ್ಕೆ ಅವರೇ ಮುಂದಾಳು. ಎಲ್ಲಾದರೂ ಗಾಳಿಸುದ್ದಿ ಎದ್ದರೆ ಇವರು ಮನೆಮನೆಗೂ ಹೋಗಿ ಕೂರುತ್ತಾರೆ, ಎರಡು ಕಡೆಯವರ ಬೈಗುಳವನ್ನೂ ತಿನ್ನುತ್ತಾರೆ, ಎದ್ದು ಪಕ್ಕದ ಮನೆಗೆ ಹೋಗುತ್ತಾರೆ. ಮಲ್ಲಿ ತೀರಿಕೊಂಡ ವಾರ ಸಾಬರ ಅಂಗಡಿಗಳಿಗೆ ಬೆಂಕಿ ಇಡಲು ಹುಡುಗರು ತಯಾರಾಗಿದ್ದರಂತೆ. ಮೇಷ್ಟ್ರು ಆ ವಿಡಿಯೋ ತೋರಿಸಿ, “ಹೆತ್ತೋಳೇ ಬಿಡಿ ಅಂದ್ಮೇಲೆ ನಿಮ್ದೇನ್ರಪ್ಪಾ?” ಎಂದು ಕೇಳಿ ಅವರನ್ನು ನಿಲ್ಲಿಸಿದರಂತೆ. ಸುಳ್ಳಲ್ಲ. ಅಂಗಡಿಗಳು ಉಳಿದವು. ನಿಟ್ಟೂರಿನ ತೋಟಗಳಿಗೆ ಕೊಬ್ಬರಿ ಕೊಳ್ಳುವ ಸಾಬರು ಬರುವುದು ನಿಂತುಹೋಗಿತ್ತು, ಅದೂ ಮತ್ತೆ ಶುರುವಾಯಿತು.

ನಾನು ಅವರಿಗೆ ಮೊದಲ ದಿನವೇ ಹೇಳಿದೆ. “ಮೇಷ್ಟ್ರೇ, ನಾನು ಅವನ್ನ ಬುಡಿ ಅನ್ನಲಿಲ್ಲ. ನನ್ನ ಬುಡಿ ಅಂದೆ.”

ಅವರು ಟೀ ಲೋಟ ಕೆಳಗಿಟ್ಟರು. “ಇದನ್ನ ಇನ್ಯಾರಿಗಾದ್ರೂ ಹೇಳಿದೀರಾ ಅಮ್ಮ?”

“ಇಲ್ಲ.”

“ಹೇಳ್ಬೇಡಿ. ಕೈ ಮುಗೀತೀನಿ. ಆ ಒಂದು ಮಾತು ಹಿಡ್ಕೊಂಡು ಎಷ್ಟೋ ಜನ ನಿಂತವ್ರೆ. ನೀವು ಹಂಗನ್ನಲಿಲ್ಲ ಅಂತ ಗೊತ್ತಾದ್ರೆ ನಾಳೆ ಅದೇ ಹುಡುಗ್ರು ಮತ್ತೆ ಹೊರಡ್ತಾರೆ.” ಹೇಳುತ್ತಾ ಅವರ ಕಣ್ಣು ತುಂಬಿತು. ಕೆಟ್ಟವರಾಗಿದ್ದರೆ ಬೈದು ಕಳಿಸುತ್ತಿದ್ದೆ ಪಲ್ಲವಿ. ಒಳ್ಳೆಯವರು. ಅದಕ್ಕೇ ನನಗೆ ಆಚೆ ಬರಲು ದಾರಿ ಕಾಣಲಿಲ್ಲ.

ಮೊದಲು ತುಮಕೂರಿನಲ್ಲಿ ಒಂದು ಸಭೆ. ಸುಮ್ಮನೆ ಕೂತಿದ್ದರೆ ಸಾಕೆಂದರು, ಕೂತಿದ್ದು ಬಂದೆ. ಗುಬ್ಬಿಯಲ್ಲಿ ಎರಡನೆಯದು. ನೀನು ನೋಡಿದ ಫೋಟೋ ಅಲ್ಲಿಯದು. ತೌಸೀಫ್ ಬರುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲು ಅವನ ತಾಯಿ ಖಮರ್ ತಾಜ್ ಬಂದು ನನ್ನ ಕಾಲು ಹಿಡಿದಳು. ಹಿಂದೆಯೇ ಅವನು. ಒಂದು ಕಾಲು ಎಳೆಯುತ್ತಾ ನಡೆಯುತ್ತಾನೆ, ಆವತ್ತಿನ ತುಳಿತದಲ್ಲಿ ಮುರಿದದ್ದು. ಬಂದು ಬಗ್ಗಿದ. ಅವನ ತಲೆ ನೋಡಿದೆ. ಮಲ್ಲಿಯ ವಯಸ್ಸೇ, ಅದೇ ಥರದ ಕಟಿಂಗು. ಮೈಕಿನಲ್ಲಿ ಯಾರೋ, “ತಾಯಿ ಈಗ ಆಶೀರ್ವಾದ ಮಾಡ್ತಾರೆ” ಅಂದುಬಿಟ್ಟರು. ಹಾಲ್ ತುಂಬ ಜನ ಉಸಿರು ಹಿಡಿದು ನೋಡುತ್ತಿದ್ದಾರೆ. ನಾನು ಕೈ ಎತ್ತದಿದ್ದರೆ ಏನಾಗುತ್ತಿತ್ತು ಹೇಳು? ಕೈ ಇಟ್ಟೆ. ಚಪ್ಪಾಳೆ ಬಿತ್ತು. ಯಾರೋ ಹೆಂಗಸರು ಅತ್ತರು. ನನಗೆ ಅಳು ಬರಲಿಲ್ಲ.

ಊರಿನಲ್ಲೂ ಅಳುವುದಕ್ಕಾಗುವುದಿಲ್ಲ. ಅರ್ಧ ಜನ ನನ್ನನ್ನು ದೇವರ ಹಾಗೆ ನೋಡುತ್ತಾರೆ, “ನಿನ್ನಂಥ ಮನಸ್ಸು ನಮಗಿಲ್ಲ ಬುಡು ಶಕುಂತಲಮ್ಮ” ಅನ್ನುತ್ತಾರೆ. ಇನ್ನರ್ಧ ಜನ ಮುಖ ತಿರುಗಿಸುತ್ತಾರೆ. ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಕೂರುವ ಹುಡುಗರು ನಾನು ಹಾದುಹೋಗುವಾಗ, “ಏನಮ್ಮ, ಬಿರಿಯಾನಿ ಹೆಂಗಿತ್ತು?” ಎಂದು ನಗುತ್ತಾರೆ. ವರ್ಷದ ತಿಥಿಯ ದಿನ ಎಡೆ ಹಾಕುವಾಗ ನನ್ನಿಂದ ತಡೆಯಲಾಗಲಿಲ್ಲ, ಜೋರಾಗಿ ಅತ್ತುಬಿಟ್ಟೆ. ಆಗ ಚಿಕ್ಕಗಂಗಮ್ಮ ಬೆನ್ನು ಸವರಿ, “ಅಕ್ಕ, ಅಷ್ಟು ದೊಡ್ಡ ಮನಸ್ಸು ಮಾಡಿ ಕ್ಷಮ್ಸಿದೀಯ, ಈಗ್ಯಾಕೆ ಹಿಂಗಾಡ್ತೀಯ?” ಅಂದಳು. ಪ್ರೀತಿಯಿಂದಲೇ ಅಂದಳು. ನಾನು ಸೆರಗು ಬಾಯಿಗೆ ತುರುಕಿಕೊಂಡೆ, ಆಮೇಲೆ ಅದರಲ್ಲೇ ಮುಖ ಒರೆಸಿಕೊಂಡೆ. ನೀನು ಅದೇ ಹೊತ್ತಿಗೆ ಒಳಗೆ ಬಂದೆ. ಒಣಗಿದ ನನ್ನ ಮುಖ ನೋಡಿಯೇ ನೀನು ಆ ಮಾತು ಅಂದದ್ದು.

ಈಗ ಕುಣಿಗಲ್ಲಿನದು. ಎರಡು ಬೀದಿಯ ಹುಡುಗರ ಕ್ರಿಕೆಟ್ ಜಗಳ ದೊಡ್ಡವರಿಗೆ ಹತ್ತಿಕೊಂಡಿದೆಯಂತೆ. ನಿನಗೇ ಚೆನ್ನಾಗಿ ಗೊತ್ತಿರಬೇಕು. ಮೇಷ್ಟ್ರು ಫೋನ್ ಮಾಡಿದಾಗ ಬರುವುದಿಲ್ಲ ಅಂದೆ. “ನನ್ ಮಗಳ ಊರು ಅದು, ಅಲ್ಲಿ ಬೇಡ ಮೇಷ್ಟ್ರೇ. ಬೇರೆ ಎಲ್ಲಿಗಾದ್ರೂ ಬರ್ತೀನಿ” ಅಂದೆ. ಅವರು ಬಲವಂತ ಮಾಡಲಿಲ್ಲ. ಆದರೆ ಮೂರನೆಯ ದಿನ ಖಮರ್ ತಾಜ್ ಒಬ್ಬಳೇ ಎರಡು ಬಸ್ಸು ಬದಲಾಯಿಸಿ ಅಂಗನವಾಡಿಗೆ ಬಂದಳು. ಮಕ್ಕಳ ಪುಟ್ಟ ಚಾಪೆಯ ಮೇಲೆ ಕೂತಳು.

“ನೀವು ಬರಲ್ಲ ಅಂದ್ರಂತೆ. ತಾಯಿ ಮನಸ್ಸು ಬದಲಾಗೈತೆ ಅಂತ ಆಗ್ಲೇ ಮಾತು ಎದ್ದೈತೆ ಅಮ್ಮಾ. ನನ್ ಮಗ ಎರಡು ದಿನದಿಂದ ಆಚೆ ಕಾಲಿಟ್ಟಿಲ್ಲ” ಅಂದಳು.

ನನಗೆ ರೇಗಿತು. “ಎಷ್ಟು ಸಲ ಬರ್ಬೇಕು ನಾನು? ನಾನು ಸಾಯೋವರ್ಗೂ ಕ್ಷಮಿಸ್ತಾನೇ ಇರ್ಬೇಕಾ?”

ಅವಳೂ ದನಿ ಏರಿಸಿದಳು. “ನಂಗೆ ಮಾತ್ರ ಸಾಕಾಗಿಲ್ವಾ? ಹೋದ ಕಡೆಯೆಲ್ಲ ನಿಮ್ ಕಾಲು ಹಿಡೀಬೇಕು. ನನ್ ಮಗ ತಲೆ ಬಗ್ಗಿಸ್ಬೇಕು. ಜನ ನೋಡ್ಬೇಕು. ಮನೇಗೆ ಹೋಗಿ ಅವನು ಗೋಡೆಗೆ ಮುಖ ಹಾಕ್ಕೊಂಡು ಮಲಗ್ತಾನೆ.”

ಮಕ್ಕಳು ಎದ್ದು ನಮ್ಮನ್ನೇ ನೋಡುತ್ತಿದ್ದವು. ಅವಳಿಗೆ ಒಂದು ಲೋಟ ನೀರು ಕೊಟ್ಟೆ. ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, “ಬರ್ತೀರಾ?” ಅಂದಳು. “ಬರ್ತೀನಿ” ಅಂದೆ. ಬೇರೆ ಏನು ಹೇಳಲಿ? ಹೋಗದೆ ಇದ್ದು, ಅವನನ್ನು ಮತ್ತೆ ಯಾರಾದರೂ ಕೆಡವಿಕೊಂಡರೆ, ಆ ಸಲ ಅದು ನನ್ನ ಮೇಲೆಯೇ ಬರುತ್ತದೆ.

ನಾನು ಅವನನ್ನು ಕ್ಷಮಿಸಿಲ್ಲ ಪಲ್ಲವಿ. ಈ ಮಾತನ್ನು ಜೋರಾಗಿ ಹೇಳಲು ನನಗೆ ಈ ಜಿಲ್ಲೆಯಲ್ಲಿ ಒಂದು ಜಾಗವಿಲ್ಲ. ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಹೇಳಬೇಡ. ಭಾನುವಾರ ನೀನು ಸಭೆಗೆ ಬರುವುದೂ ಬೇಡ. ಆ ಹೊತ್ತಿಗೆ ಇಂಪನಾಳನ್ನು ಕರೆದುಕೊಂಡು ನಾದಿನಿಯ ಮನೆಗೆ ಹೋಗಿಬಿಡು. ನಾನು ವೇದಿಕೆಯ ಮೇಲೆ ನಿಂತಿದ್ದಾಗ ಕೆಳಗೆ ನಿನ್ನ ಮುಖ ಕಂಡರೆ ನನ್ನ ಕೈ ಏಳುವುದಿಲ್ಲ. ಸಭೆ ಮುಗಿದ ಮೇಲೆ ಮೇಷ್ಟ್ರು ಕಾರಿನಲ್ಲಿ ಊರಿಗೆ ಬಿಡುತ್ತಾರೆ. ನಿನ್ನ ಬಾಗಿಲಿಗೆ ಬಂದು ನಿನ್ನನ್ನು ಮುಜುಗರಕ್ಕೆ ಸಿಕ್ಕಿಸುವುದಿಲ್ಲ.

ಇಂಪನಾಗೆ ಕೆಮ್ಮು ಹೋಯಿತೇ? ತಲೆಗೆ ಸ್ಕಾರ್ಫ್ ಕಟ್ಟದೆ ಸ್ಕೂಲಿಗೆ ಕಳಿಸಬೇಡ, ಚಳಿ ಶುರುವಾಗಿದೆ. ಬಾಗಿನದ ಸೀರೆ ಇನ್ನೂ ಇಲ್ಲಿ ನಿನ್ನ ಬೀರುವಿನಲ್ಲೇ ಇದೆ. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಮಡಿಲು ಎಂದೂ ಬರಿದಾಗದಿರಲಿ. ಸಿಟ್ಟಿದ್ದರೂ ಸರಿ, ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಅಮ್ಮ,
ಶಕುಂತಲಮ್ಮ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ತೌಸೀಫ್ ದಿನಾ ಮಧ್ಯಾಹ್ನ ನನಗೆ ಫೋನ್ ಮಾಡುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಮಾಡುತ್ತಾನೆ. “ಅಮ್ಮಾ, ಊಟ ಆಯ್ತಾ?” ಅಷ್ಟೇ. ಮೊದಮೊದಲು ಕಟ್ ಮಾಡುತ್ತಿದ್ದೆ. ಆಮೇಲೆ ‘ಹೂಂ’ ಅನ್ನತೊಡಗಿದೆ. ಹೋದ ಶುಕ್ರವಾರ ಅವನ ಫೋನ್ ಬರಲಿಲ್ಲ, ನಾನು ಸಂಜೆಯವರೆಗೂ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಕಾಯುತ್ತಿದ್ದೆನೆಂದು ಗೊತ್ತಾದಾಗ ನನ್ನ ಮೈಗೆ ನಾನೇ ಹೊಡೆದುಕೊಂಡೆ. ಮಲ್ಲಿಯೂ ಊಟದ ಹೊತ್ತಿಗೆ ಕಾರ್ಖಾನೆಯಿಂದ ಫೋನ್ ಮಾಡುತ್ತಿದ್ದನಲ್ಲ, ಅದನ್ನು ನೆನೆಯಲು ಹೋದರೆ ಈಗ ಅವನ ದನಿ ಬರುವುದಿಲ್ಲ ಕಣೇ, ಇವನದೇ ಬರುತ್ತದೆ. ಮಲ್ಲಿಯ ಫೋನು ಆವತ್ತೇ ಪುಡಿಯಾಯಿತು, ನನ್ನದರಲ್ಲಿ ಅವನ ಫೋಟೋ ಬಿಟ್ಟರೆ ಏನೂ ಇಲ್ಲ. ಅವನು ನಿನಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಒಂದಾದರೂ ಉಳಿದಿದ್ದರೆ ಕಳಿಸು. ನನ್ನ ಜೊತೆ ನೀನು ಮಾತಾಡುವುದು ಬೇಡ. ಅದನ್ನಷ್ಟು ಕಳಿಸು. ಅವನು ನನ್ನನ್ನು ಬೈದಿದ್ದಾದರೂ ಸರಿ.