ಒಂದೇ ಪದದ ಎರಡು ಓದು

ಅಣ್ಣಾ,

ಅಪ್ಪ ತೀರಿಕೊಂಡರು. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿನಗೇ ಗೊತ್ತು. ಬಂದವರೆಲ್ಲ ಹೊರಟುಹೋದರು. ಅಮ್ಮ ಹೋದ ಮೇಲೆ ಅಪ್ಪ, ನಾನು ಇಬ್ಬರೇ ಇದ್ದ ಮನೆಯಲ್ಲಿ ಈಗ ನಾನೊಬ್ಬಳೇ.

ಅಪ್ಪ ಮುಂದಿನ ಕೋಣೆಯಲ್ಲಿ ಕುರ್‌ಆನ್ ಪಠಣ ಕಲಿಸುತ್ತಿದ್ದುದು ನೆನಪಿದೆಯೇ? ನಂಬಲಾಗದವನು ಸುದ್ದಿ ತಂದರೆ ಏನು ಮಾಡಬೇಕೆಂಬ ಸೂಕ್ತಕ್ಕೆ ಬಂದಾಗ, ಹಳೆಯ ಕಾಲದ ಬರಹದಂತೆ ಅರಬಿ ಅಕ್ಷರಗಳ ಚುಕ್ಕಿಗಳಿಲ್ಲದೆ ಸ್ಲೇಟಿನ ಮೇಲೆ ಒಂದು ಪದ ಬರೆದರು. ಚುಕ್ಕಿಗಳನ್ನು ಒಂದು ರೀತಿ ಇಟ್ಟರೆ ‘ಫತಬಯ್ಯನೂ’, ವಿಚಾರಿಸಿ ತಿಳಿಯಿರಿ. ಇನ್ನೊಂದು ರೀತಿ ಇಟ್ಟರೆ ‘ಫತಸಬ್ಬತೂ’, ದುಡುಕದೆ ನಿಲ್ಲಿ. ಎರಡೂ ಗುರುಗಳ ಬಾಯಿಂದ ಬಾಯಿಗೆ ಬಂದ ಓದುಗಳೇ ಎಂದರು.

"ಹಾಗಾದ್ರೆ ತಪ್ಪು ಯಾವುದಪ್ಪಾ?" ಎಂದು ನೀನು ಕೇಳಿದೆ.

"ಪಾಠ ಬಿಟ್ಟು ಕಿಟಕಿ ನೋಡ್ತೀಯಲ್ಲ, ಅದು" ಎಂದರು. ನಕ್ಕದ್ದಕ್ಕೆ ನನಗೂ ಬೈಗುಳ ಬಿತ್ತು.

ನೀನು ಹಡಗಿನ ಎಂಜಿನ್ ಕೆಲಸಕ್ಕೆ ಹೋದ ಮೇಲೆ ನಿನ್ನ ಜೊತೆಗಾರನೊಬ್ಬ ಬಂದು, ನೀನು ಸಮುದ್ರಕ್ಕೆ ಬಿದ್ದು ಸತ್ತೆ ಎಂದ. ಚಿಕ್ಕಪ್ಪ ಮರಣಪ್ರಾರ್ಥನೆಗೆ ಜನರನ್ನು ಕರೆಯಲು ಹೊರಟರು. ಅಪ್ಪ ತಡೆದರು. ಬಂದವನು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿರಲಿಲ್ಲ. ಅವನನ್ನೇ ಹೊರಡಿಸಿಕೊಂಡು ನಿನ್ನ ಬಂದರಿನ ಊರಿಗೆ ಹೋದರು. ದಾರಿಯಲ್ಲಿ ಅವನು ಬಾಯಿಬಿಟ್ಟ. ಹಾಗೆ ಹೇಳೆಂದು ಕಳಿಸಿದವನು ನೀನೇ. ಹಡಗು ಬಿಟ್ಟು ಅಲ್ಲೇ ಸಂಸಾರ ಹೂಡಿದ್ದೆ. ನಾವು ಹುಡುಕಿಕೊಂಡು ಬರುವುದು ನಿನಗೆ ಬೇಡವಾಗಿತ್ತು.

ಅಪ್ಪ ನಿನ್ನನ್ನು ನೋಡಿದರು ಅಣ್ಣಾ. ರಿಪೇರಿ ಅಂಗಡಿಯ ಎದುರು, ರಸ್ತೆಯ ಆಚೆ ನಿಂತಿದ್ದರಂತೆ. ನೀನು ಗ್ರೀಸು ಮೆತ್ತಿದ ಕೈಯಲ್ಲೇ ಹಣೆ ಒರೆಸಿಕೊಂಡು ಯಾರ ಮಾತಿಗೋ ನಗುತ್ತಿದ್ದೆಯಂತೆ. ಕರೆಯದೆ ವಾಪಸಾದರು. ಅಮ್ಮನಿಗೆ "ಬದುಕಿದ್ದಾನೆ" ಎಂದಷ್ಟೇ ಹೇಳಿದರು, ಉಳಿದದ್ದನ್ನು ನನಗೆ. ನಾನೇ ಹೋಗಿ ಎಳೆದುತರುತ್ತೇನೆಂದು ಹಟ ಹಿಡಿದೆ.

"ವಿಚಾರಿಸೋದು ಮುಗೀತು ಮಗಳೇ. ಇನ್ನು ಇನ್ನೊಂದು ಓದು" ಎಂದರು.

ಕೊನೆಯವರೆಗೂ ಆ ಓದಿನಲ್ಲೇ ಬದುಕಿದರು. ಬಾಗಿಲ ಹೊರಗೆ ಹೆಜ್ಜೆ ಸದ್ದಾದರೆ ಮಾತ್ರ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು.

ಈಗ ಒಬ್ಬಳೇ ಕೂತು ಓದುತ್ತೇನೆ. ತಪ್ಪಿದರೆ ಒಳಗಿನಿಂದ ಯಾರೂ ಕೆಮ್ಮುವುದಿಲ್ಲ. ನಿನ್ನ ಮೇಲಿನ ಸಿಟ್ಟಾದರೂ ಜೊತೆಗಿರುತ್ತದೆ ಅಂದುಕೊಂಡಿದ್ದೆ, ಅದೂ ಎಲ್ಲಿ ಹೋಯಿತೋ.

ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ಮಕ್ಕಳಿದ್ದರೆ, ಅವರಿಗೊಬ್ಬ ಅತ್ತೆ ಇದ್ದಾಳೆಂದು ಹೇಳು.

ನಿನ್ನ ತಂಗಿ