ತಲೆಯಾಡಿಸಿದ ಮಿತ್ರ

ಮಾನ್ಯ ಸಭಾಸದರೇ, ಕಾರ್ಡು ಕದ್ದು ಓದುವ ಮಹನೀಯರೇ, ಪ್ರೀತಿಯ ಅಕ್ಕಾ,

ಕಡಲು ಹಂಚುವ ಒಪ್ಪಂದಕ್ಕೆ ಮುಂಚೆ ದೊಡ್ಡ ದೇಶದವರು ಮಿತ್ರದೇಶಗಳ ಅಭಿಪ್ರಾಯ ಕೇಳುತ್ತಿದ್ದಾರೆ. ಇವತ್ತು ನಮ್ಮ ಸರದಿ. ಭಾವನಂಥ ಮೀನುಗಾರರ ನೀರು ಬಿಟ್ಟುಕೊಡುವುದಿಲ್ಲವೆಂದು ನಮ್ಮ ಸಾಹೇಬರು ಗುಡುಗಿದರು. ನಾನು ಗಾಜಿನ ಗೂಡಿನೊಳಗೆ ಕೂತು ಬೆವರು ಸುರಿಸಿ ಅನುವಾದಿಸಿದೆ. ದೊಡ್ಡ ದೇಶದ ಮುಖ್ಯಸ್ಥ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೋಲೆಬಸವನ ಹಾಗೆ ತಲೆಯಾಡಿಸಿದ. ಒಂದು ಪ್ರಶ್ನೆಯಿಲ್ಲ, ಒಂದು ತಕರಾರಿಲ್ಲ.

“ನೋಡಿದ್ಯೇನಯ್ಯಾ, ಎಲ್ಲಾ ಒಪ್ಕೊಂಡ!” ಅಂದರು ಸಾಹೇಬರು.

“ಅದೇ ಅನುಮಾನ ಸಾರ್,” ಅಂದೆ.

ಆಡಿಸುವುದು ತಲೆ, ಬೀಸುವುದು ಬಲೆ.

ನನ್ನ ಮಂಡಿನೋವು ಈಗ ವಾಸಿ. ಭಾವನಿಗೆ ಹೇಳು, ಹೊಸ ದೋಣಿಗೆ ಈಗಲೇ ಮುಂಗಡ ಕೊಡುವುದು ಬೇಡ.

ಬಡಾಯಿ ಸಾಕು. ಎದ್ದು ಬರುವಾಗ ನೋಡಿದೆ ಅಕ್ಕಾ, ನನ್ನ ಮೈಕು ಶುರುವಿನಿಂದಲೂ ಆಫ್ ಆಗಿತ್ತು.

ನಿನ್ನ ತಮ್ಮ